ನನ್ನ ಬಗ್ಗಿಯ ಸವೆಯುವ ಕ್ಲಚ್ಚು

ಐವತ್ತು ದಾಟಿದ ಗಂಡಸಿಗೆ ಏನಾದರೊಂದು ಹುಚ್ಚು ಹಿಡಿಯಲೇಬೇಕೇನೋ. ಕೆಲವರು ಉಂಗುರದ ಹರಳು ಬದಲಿಸುತ್ತಾರೆ, ಕೆಲವರು ಬೆಳಗ್ಗೆ ಬೇವಿನ ರಸ ಕುಡಿದು ಊರಿಗೆಲ್ಲ ಕುಡಿಸಲು ಹೊರಡುತ್ತಾರೆ. ನನಗೆ ಹಿಡಿದದ್ದು ಬಗ್ಗಿ. ಕುದುರೆಯದಲ್ಲ, ರಿಮೋಟಿನಿಂದ ಓಡುವ, ಮೊಣಕಾಲೆತ್ತರಕ್ಕೂ ಬಾರದ ರೇಸ್ ಗಾಡಿ. ಆಟಿಕೆ ಅಂದುಕೊಳ್ಳಬೇಡಿ, ಅದರ ಹೊಟ್ಟೆಯಲ್ಲಿ ನೈಟ್ರೋ ಎಂಬ ಘಾಟು ಇಂಧನ ಕುಡಿಯುವ ನಿಜವಾದ ಎಂಜಿನ್ ಇದೆ. ವಾರವಿಡೀ ನಾನು ರಾಯಚೂರಿನಲ್ಲಿ ಹಲ್ಲಿನ ಡಾಕ್ಟರು. ಭಾನುವಾರ ಮಾತ್ರ ಮಾನ್ವಿಯಲ್ಲಿ, ನನ್ನ ಹೆಂಡತಿಯ ತಮ್ಮ ಬಸವರಾಜನ ಅಕ್ಕಿ ಗಿರಣಿಯ ಹಿಂದಿನ ಬಯಲಿನಲ್ಲಿ, ರೇಸಿನವನು. ಬಸವರಾಜನಿಗೂ ಒಂದು ಬಗ್ಗಿ ಇದೆ. ದೇವದುರ್ಗದಿಂದ ದನದ ಡಾಕ್ಟರು ಶಾಹೀನಾ ಮೇಡಂ ತಮ್ಮ ಬಗ್ಗಿ ತರುತ್ತಾರೆ, ಚಹಾ ಕುಡಿಯುತ್ತಾರೆ, ಗೆದ್ದು ಹೋಗುತ್ತಾರೆ.

ನನ್ನ ಗಾಡಿಯ ಕಷ್ಟವೆಲ್ಲ ಕ್ಲಚ್ಚಿನದು. ಅದರೊಳಗೆ ಉಗುರಿನಷ್ಟು ಚಿಕ್ಕ ತುಂಡುಗಳಿರುತ್ತವೆ. ಎಂಜಿನ್ ಜೋರಾದಾಗ ಅವು ಹೊರಕ್ಕೆ ಚಾಚಿ, ಸುತ್ತಲಿನ ಲೋಹದ ಬಟ್ಟಲನ್ನು ಒತ್ತಿ ಹಿಡಿದು ಗಾಲಿ ತಿರುಗಿಸುತ್ತವೆ. ತಗ್ಗಿದಾಗ ಸ್ಪ್ರಿಂಗು ಅವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಬೇರೆಯವರ ಗಾಡಿಯಲ್ಲಿ ಬಹಳ ಕಾಲ ಬಾಳುವ ಈ ತುಂಡುಗಳು ನನ್ನದರಲ್ಲಿ ಒಂದೇ ಭಾನುವಾರಕ್ಕೆ ಸವೆದು ಹಪ್ಪಳವಾಗುತ್ತಿದ್ದವು. ಆಮೇಲೆ ಎಂಜಿನ್ ಕಿರುಚುವುದು, ಗಾಡಿ ಮಾತ್ರ ಅತ್ತೆಮನೆಯ ಹಬ್ಬದೂಟ ಮುಗಿಸಿದ ಅಳಿಯನ ಹಾಗೆ ಕದಲುವುದು. ಒಂದು ರೇಸನ್ನೂ ನಾನು ಕೊನೆ ಮುಟ್ಟಿಸಿರಲಿಲ್ಲ.

ಸವೆದದ್ದನ್ನು ಬದಲಿಸುವುದೇ ನನ್ನ ವೃತ್ತಿಯಲ್ಲವೇ. ತುಂಡು ಬದಲಿಸಿದೆ, ಬಿಗಿಯಾದ ಸ್ಪ್ರಿಂಗ್ ಹಾಕಿದೆ, ಬೇರಿಂಗಿನ ಮೇಲೆ ಅನುಮಾನ ಬಂದು ಅದನ್ನೂ ಹೊಸದು ಮಾಡಿದೆ. "ಗಿರಣಿ ಧೂಳು ಮಾಮಾ, ಅದs ತಿನ್ನಾಕತ್ತದ" ಅಂದ ಬಸವರಾಜ. ಅವನ ಬಗ್ಗಿಯೂ ಅದೇ ಧೂಳಿನಲ್ಲಿ ಗುಂಡುಕಲ್ಲಿನಂತೆ ಇತ್ತು ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಮನೆಯಲ್ಲಿ ಊಟದ ಮೇಜೇ ನನ್ನ ಕಾರ್ಖಾನೆಯಾಯಿತು. ಒಂದು ದಿನ ಸಾಸಿವೆ ಡಬ್ಬಿಯಲ್ಲಿ ಸ್ಪ್ರಿಂಗ್ ಸಿಕ್ಕಿತು. ನನ್ನ ಹೆಂಡತಿ ಗೌರಿ ಅದನ್ನು ಒಗ್ಗರಣೆಗೆ ಬೀಳುವ ಮೊದಲೇ ಎತ್ತಿ ನನ್ನ ತಟ್ಟೆಯ ಪಕ್ಕ ಇಟ್ಟು, "ಈ ಭಾನುವಾರ ನಾನೂ ಬರತೀನಿ. ಈ ರೋಗ ಏನದ ನೋಡೇಬಿಡೂಣು" ಅಂದಳು.

ಬಂದಳು. ಗಾಡಿಗಳು ಸಾಲಾಗಿ ನಿಂತಾಗ ನನ್ನದನ್ನೇ ನೋಡುತ್ತಿದ್ದಳು.

"ಉಳದವು ಸುಮ್ನ ನಿಂತಾವ. ನಿಮ್ಮದು ಯಾಕ ನಡಗಾಕತ್ತದ?"

"ಬಿಟ್ರ ಓಡತದ. ಅದಕ್ಕ ಬ್ರೇಕ್ ಹಿಡದೀನಿ."

"ನಿಂತಾಗೂ ಓಡೂ ಹಂಗ ಮಾಡಿದವ್ರು ಯಾರು?"

ನಾನೇ. ಎಂಜಿನ್ನಿನ ವೇಗ ತಗ್ಗಿಸಿದರೆ ಎಲ್ಲಿ ಎಲ್ಲರೆದುರು ಬಂದ್ ಬೀಳುತ್ತದೋ ಎಂದು ತಿರುಪು ಬಿಗಿದು ಜೋರಾಗಿಯೇ ಇಟ್ಟಿದ್ದೆ. ಗೌರಿ ಗಾಡಿ ಬಿಟ್ಟು ನನ್ನ ಕಡೆ ತಿರುಗಿದಳು. "ಹಲ್ಲು ಕಡಿಯೋರು ನಿಮ್ಮ ಕಡೆ ಬರತಾರಲ್ಲ, ಅವ್ರಿಗೆ ಏನ್ ಹೇಳತೀರಿ?"

"ಹಲ್ಲಿಂದು ತಪ್ಪಿಲ್ಲ, ಕಡಿಯೋದು ಬಿಡ್ರಿ ಅಂತೀನಿ" ಅಂದೆ. ಹೇಳುತ್ತಿದ್ದಂತೆಯೇ ಕಿವಿ ಬಿಸಿಯಾಯಿತು. ಗಾಡಿ ನಿಂತಾಗಲೂ ಆ ಬಡ ತುಂಡುಗಳು ಬಟ್ಟಲನ್ನು ಉಜ್ಜುತ್ತಲೇ ಇದ್ದವು. ನಾನು ಬ್ರೇಕ್ ಹಿಡಿದು ಅವನ್ನು ಅರೆಯುತ್ತಿದ್ದೆ.

ತುಂಡುಗಳನ್ನು ಬದಲಿಸಿ, ತಿರುಪು ಸಡಿಲಿಸಿದೆ. ಗಾಡಿ ಸುಮ್ಮನೆ ನಿಂತಿತು. ರೇಸ್ ಶುರುವಾಯಿತು, ಮೊದಲ ತಿರುವಿನಲ್ಲೇ ನಾನು ಹೆದರಿದ್ದು ಆಯಿತು: ಎಂಜಿನ್ ಬಂದ್. ಭೂಮಿ ಬಾಯ್ಬಿಡಲಿಲ್ಲ. ಶಾಹೀನಾ ಮೇಡಂ ತಮ್ಮ ಗಾಡಿಯಿಂದ ಕಣ್ಣು ಕೀಳದೆಯೇ, "ಚಾಲೂ ಮಾಡ್ಕೋರಿ ಡಾಕ್ಟರೇ, ನಂದೂ ಎಷ್ಟೋ ಸಲ ಹಿಂಗs ಆಗ್ಯದ" ಅಂದರು. ಗೌರಿ ಸೆರಗು ಸಿಕ್ಕಿಸಿಕೊಂಡು ಓಡಿ ಗಾಡಿ ಎತ್ತಿ ತಂದಳು. ತಿರುಪನ್ನು ಕೂದಲೆಳೆಯಷ್ಟು ಬಿಗಿದು ಮತ್ತೆ ಬಿಟ್ಟೆವು. ಎಲ್ಲರಿಗಿಂತ ಹಿಂದೆ ಬಂದೆ, ಆದರೆ ಬಂದೆ. ಬಿಚ್ಚಿ ನೋಡಿದರೆ ತುಂಡುಗಳು ಹಾಕಿದ ಹಾಗೇ ಇದ್ದವು. ಬಸವರಾಜ ನನ್ನನ್ನು ತಬ್ಬಿಕೊಂಡ. ಶಾಹೀನಾ ಮೇಡಂ ತಮ್ಮ ಚಹಾ ನನಗೆ ಕೊಟ್ಟರು.

ಮುಂದಿನ ವಾರ ಗೌರಿ ರಿಮೋಟಿಗೆ ಕೈ ಚಾಚಿದಳು. ಕೊಟ್ಟೆ. ಪಕ್ಕದಲ್ಲಿ ನಿಂತು "ಮೆಲ್ಲಕ, ಮೆಲ್ಲಕ" ಎನ್ನುತ್ತಲೇ ಇದ್ದೆ. ಅವಳು ಕೇಳಿಸಿಕೊಳ್ಳಲಿಲ್ಲ, ಬಸವರಾಜನನ್ನು ಹಿಂದೆ ಹಾಕಿದಳು. ರಿಮೋಟು ಇನ್ನೂ ವಾಪಸ್ ಬಂದಿಲ್ಲ. ಈಗ ನನ್ನದು ಬಯಲ ನಡುವೆ ನಿಂತು, ಮಗುಚಿ ಬಿದ್ದ ಗಾಡಿಯನ್ನು ನೆಟ್ಟಗೆ ನಿಲ್ಲಿಸುವ ಕೆಲಸ. ಈ ಕೆಲಸಕ್ಕೆ ಹುಟ್ಟಿದವನ ಹಾಗೆ ಓಡುತ್ತೇನಂತೆ, ಗೌರಿಯೇ ಹೇಳಿದ್ದು.