ಮೂರನೆಯ ಸುತ್ತನ್ನು ವಾಪಸು ಪಡೆಯುವ ಬಗ್ಗೆ

‘ಉಕ್ಕಿನ ಜಟ್ಟಿಗಳು’ ಎಂಬ ಕಂಪ್ಯೂಟರ್ ಆಟವನ್ನು ರಚಿಸಿ ಲೋಕಕ್ಕೆ ಕರುಣಿಸಿದ ಮಹನೀಯರ ಸನ್ನಿಧಿಗೆ, ಬೇಕಾದವರೆಲ್ಲ ಓದಿಕೊಳ್ಳಲಿ ಎಂದು ಬಹಿರಂಗವಾಗಿ ಬರೆದುಕೊಂಡದ್ದು.

ಮಾನ್ಯರೇ,

ತಾವೂ, ತಮ್ಮ ಮನೆಯವರೂ, ತಮ್ಮ ಕಂಪ್ಯೂಟರಿನೊಳಗೆ ವಾಸವಾಗಿರುವ ಎಡಬದಿಯ ಕೆಂಪು ಜಟ್ಟಿಯವರೂ ಬಲಬದಿಯ ನೀಲಿ ಜಟ್ಟಿಯವರೂ ಒಂದು ಸ್ಕ್ರೂ ಕೂಡ ಸಡಿಲವಾಗದೆ ಕ್ಷೇಮವಾಗಿದ್ದೀರೆಂದು ನಂಬಿ, ಟೈಪಿಂಗ್ ಮೇಷ್ಟ್ರೊಬ್ಬನ ನಮಸ್ಕಾರಗಳನ್ನು ಎಲ್ಲರಿಗೂ ಸಮನಾಗಿ ಹಂಚಿ ಈ ದೂರನ್ನು ಆರಂಭಿಸುತ್ತೇನೆ. ಇದು ನಾನು ತಮಗೆ ಬರೆಯುತ್ತಿರುವ ಹದಿನೆಂಟನೆಯ ಪತ್ರ. ಹಿಂದಿನ ಹದಿನೇಳು ಪತ್ರಗಳಲ್ಲಿ, ಆಟದ ಮೂರನೆಯ ಸುತ್ತನ್ನು ದಯವಿಟ್ಟು ಕಳಿಸಿಕೊಡಿ ಎಂದು ಅಂಗಲಾಚಿದ್ದೆ. ಈಗಿನ ದೂರು ಏನೆಂದರೆ, ತಾವು ಅದನ್ನು ಕಳಿಸಿಬಿಟ್ಟಿದ್ದೀರಿ.

ಸಾವಿರಾರು ಮನೆಗಳಲ್ಲಿ ಏಕಕಾಲಕ್ಕೆ ಹೊಡೆದಾಟ ಹಚ್ಚಿರುವ ತಮಗೆ ನಮ್ಮ ನೆನಪು ಇರಲಾರದು ಎಂಬ ಕಾರಣಕ್ಕೆ ನಮ್ಮ ಪರಿಚಯ ಹೇಳಿಕೊಳ್ಳುತ್ತೇನೆ. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅಪ್ಪ ಕಟ್ಟಿದ ಟೈಪಿಂಗ್ ಶಾಲೆಯನ್ನು ನಾನೂ ನನ್ನ ಅಕ್ಕನೂ ಸೇರಿ ನಡೆಸುತ್ತಿದ್ದೇವೆ. ಒಂದು ಉದ್ದನೆಯ ಕೋಣೆ, ಎರಡು ಸಾಲು ಮೇಜು, ರಸ್ತೆಯ ಕಡೆಗೆ ಮೂರು ಕಿಟಕಿ, ಹನ್ನೆರಡು ಟೈಪ್‌ರೈಟರು, ಮತ್ತು ಮುಚ್ಚಿಹೋಗುವ ಮುನ್ನ ಒಂದು ಕಚೇರಿಯವರು ತಮ್ಮ ಗುಮಾಸ್ತರಿಗೆ ಪಾಠ ಹೇಳಿದ್ದಕ್ಕೆ ಪ್ರತಿಯಾಗಿ ಮೂಲೆಯಲ್ಲಿ ಇಳಿಸಿಹೋದ ಒಂದೇ ಒಂದು ಕಂಪ್ಯೂಟರು. ಅದು ಬಂದಿಳಿದ ದಿನದಿಂದ ನಮ್ಮಿಬ್ಬರಿಗೂ ಒಂದೇ ವ್ಯಾಜ್ಯ. ಟೈಪ್‌ರೈಟರುಗಳನ್ನು ಗುಜರಿಗೆ ಹಾಕಿ ಇನ್ನಷ್ಟು ಕಂಪ್ಯೂಟರು ತರೋಣ ಎಂಬುದು ನನ್ನ ಪಟ್ಟು. ಆಗದು ಎಂಬುದು ಅಕ್ಕನ ಪಟ್ಟು. ಆಗದಿದ್ದರೆ ಎದುರು ಕಟ್ಟಡದ ಗಾಜಿನ ಬಾಗಿಲಿನ ಕಂಪ್ಯೂಟರ್ ಕೇಂದ್ರದವರು ನನ್ನನ್ನು ಕರೆಯುತ್ತಿದ್ದಾರೆ, ಅಲ್ಲಿಗೆ ಮೇಷ್ಟ್ರಾಗಿ ಹೋಗುತ್ತೇನೆ ಎಂದು ನಾನು ಹೆದರಿಸಿದೆ. ಅಕ್ಕ ರಿಬ್ಬನ್ ಬದಲಿಸುತ್ತಿದ್ದವಳು ತಲೆ ಎತ್ತದೆ, “ಮಿಷನ್‌ಗಳು ಮೆಟ್ಟಿಲು ಇಳಿದ ದಿನ ನಾನೂ ಇಳಿದೆ ಅಂತ ತಿಳ್ಕೋ” ಎಂದಳು.

ಇಂಥ ಶುಭ ಮುಹೂರ್ತದಲ್ಲಿ ತಮ್ಮ ಜಟ್ಟಿಗಳು ನಮ್ಮ ಶಾಲೆಗೆ ಪಾದ ಬೆಳೆಸಿದರು. ಸಂಜೆಯ ತರಗತಿಗೆ ಬರುವ ವಿಮೆ ಗುಮಾಸ್ತೆಯೊಬ್ಬರು ಫ್ಲಾಪಿಯೊಂದನ್ನು ತಂದು ಹಾಕಿದರು. ‘ಈ ಆಟವನ್ನು ಪುಕ್ಕಟೆಯಾಗಿ ಆಡಿರಿ, ಪ್ರತಿ ಮಾಡಿ ಸ್ನೇಹಿತರಿಗೂ ಹಂಚಿರಿ’ ಎಂಬ ತಮ್ಮ ವಿಶಾಲ ಹೃದಯದ ಸಂದೇಶವನ್ನು ಪರದೆಯ ಮೇಲೆ ಓದಿ ನನ್ನ ಕಣ್ಣು ಒದ್ದೆಯಾಯಿತು. ಎರಡು ಸುತ್ತು ಆಡಿ, ಇಬ್ಬರೂ ಒಂದೊಂದು ಗೆದ್ದು, ಇನ್ನು ತೀರ್ಮಾನದ ಸುತ್ತು ಎಂದು ಮೈ ಬಿಸಿಯಾಗಿರುವಾಗ ಪರದೆ ಕಪ್ಪಾಗಿ, ‘ಮೂರನೆಯ ಸುತ್ತಿಗೆ ನೋಂದಾಯಿಸಿಕೊಳ್ಳಿ’ ಎಂಬ ಸಾಲು ಮೂಡಿತು. ಹೊಡೆಯಲು ಎತ್ತಿದ ಕೈಯನ್ನು ಅಲ್ಲೇ ಹಿಡಿದು ನಿಲ್ಲಿಸಿ ವಿಳಾಸ ಕೇಳುವ ತಮ್ಮ ವ್ಯವಹಾರಕೌಶಲಕ್ಕೆ ನಾನು ಅಂದೇ ಶರಣಾದೆ. ಅಂದೇ ಶುಲ್ಕವನ್ನೂ ಅಂಚೆಯಲ್ಲಿ ಕಳಿಸಿದೆ. ಎರಡು ವಾರದೊಳಗೆ ಪೂರ್ಣ ಪ್ರತಿ ತಲುಪುತ್ತದೆಂದು ತಾವು ಬರೆದಿದ್ದಿರಿ. ಆ ಎರಡು ವಾರಕ್ಕೆ ನಾಲ್ಕು ವರ್ಷ ಹಿಡಿಯಿತು.

ನಾನು ಮತ್ತು ಅಕ್ಕ ಅಪ್ಪನ ಭಾವಚಿತ್ರದ ಎದುರು ಒಪ್ಪಂದ ಮಾಡಿಕೊಂಡೆವು. ಪ್ರತಿ ಶನಿವಾರ ಕೊನೆಯ ತರಗತಿ ಮುಗಿದ ಮೇಲೆ ಮೂರು ಸುತ್ತಿನ ಕಾಳಗ. ಕೆಂಪು ಜಟ್ಟಿ ನನ್ನವನು, ನೀಲಿ ಜಟ್ಟಿ ಅಕ್ಕನವನು. ಎರಡು ಸುತ್ತು ಗೆದ್ದವರ ಮಾತು ನಡೆಯಬೇಕು, ಸೋತವರು ಚಕಾರ ಎತ್ತಕೂಡದು. ಒಂದೇ ಕೀಲಿಮಣೆಯ ಎಡ ಅರ್ಧವನ್ನು ಒಬ್ಬರಿಗೂ ಬಲ ಅರ್ಧವನ್ನು ಇನ್ನೊಬ್ಬರಿಗೂ ಕೊಟ್ಟು, ಪ್ರಾಯ ಬಂದ ಒಡಹುಟ್ಟಿದವರನ್ನು ಮೊಣಕೈಗೆ ಮೊಣಕೈ ತಾಗಿಸಿ ಕೂರಿಸಿದ ಕೀರ್ತಿ ತಮಗೇ ಸಲ್ಲಬೇಕು. ಇದರ ಜೊತೆಗೆ ನಮ್ಮ ಶಾಲೆಯದೊಂದು ಕಟ್ಟಳೆಯೂ ಸೇರಿಕೊಂಡಿತು. ಕೀಲಿ ನೋಡಿ ಹೊಡೆಯುವವನು ಟೈಪಿಸ್ಟೇ ಅಲ್ಲ ಎಂಬುದು ಅಪ್ಪನ ಮತ. ಅದಕ್ಕಾಗಿ ಅವರು ಪ್ರತಿ ಯಂತ್ರಕ್ಕೂ ದಪ್ಪ ಕಪ್ಪು ಬಟ್ಟೆಯ ಮುಸುಕು ಹೊಲಿಸಿದ್ದರು, ಕೈಗಳನ್ನು ಅದರೊಳಗೆ ತೂರಿಸಿಯೇ ಹೊಡೆಯಬೇಕು. ಯುದ್ಧವೇ ಆದರೂ ಶಿಸ್ತು ಶಿಸ್ತೇ ಎಂದು ಅಕ್ಕ ಕಂಪ್ಯೂಟರಿನ ಕೀಲಿಮಣೆಗೂ ಮಡಿಲವರೆಗೆ ಇಳಿಬೀಳುವ ಒಂದು ಮುಸುಕು ಹೊಲಿದಳು. ಹೀಗಾಗಿ ತಮ್ಮ ಆಟವನ್ನು ಕೈ ಕಾಣದಂತೆ ಆಡಿದವರು ಭೂಮಂಡಲದಲ್ಲಿ ನಾವಿಬ್ಬರೇ ಇರಬೇಕು.

ಆಮೇಲಿನದು ತಮ್ಮ ಪವಾಡ. ಇನ್ನೂರು ಶನಿವಾರ ಆಡಿದೆವು, ಇನ್ನೂರು ಸಲವೂ ಒಂದಕ್ಕೊಂದು ಸಮ. ಮೊದಲ ಸುತ್ತನ್ನು ಅಕ್ಕ ಗೆದ್ದರೆ ಎರಡನೆಯದು ನನ್ನ ಪಾಲಿಗೆ, ನಾನು ಗೆದ್ದರೆ ಎರಡನೆಯದು ಅಕ್ಕನ ಪಾಲಿಗೆ, ಆಮೇಲೆ ಕಪ್ಪು ಪರದೆ, ನೋಂದಣಿಯ ಸಾಲು, ಮುಂದಿನ ಶನಿವಾರ. ವಿಮೆ ಗುಮಾಸ್ತೆ ಕಾಗದದ ಮೇಲೆ ಏನೇನೋ ಗುಣಿಸಿ ನೋಡಿ, ಇದು ಸಾಧ್ಯವೇ ಇಲ್ಲ, ಇಂಥ ಗಿರಾಕಿಗಳಿಗೆ ನಮ್ಮ ಕಂಪನಿ ವಿಮೆ ಕೊಡುವುದಿಲ್ಲ ಎಂದು ಹೇಳಿ ಕೈತೊಳೆದುಕೊಂಡರು.

ವ್ಯಾಜ್ಯ ತೀರದೆ ಶಾಲೆಯ ಆಡಳಿತ ಯಾವ ಮಟ್ಟ ಮುಟ್ಟಿತೆಂಬುದನ್ನು ತಾವು ಬಂದು ನೋಡಬೇಕಿತ್ತು. ಹೊಸ ನಾಮಫಲಕಕ್ಕೆ ಪೇಂಟರನ್ನು ಕರೆಸಿ ಆಗಿತ್ತು; ಅವನು ಏಣಿ ಹತ್ತಿ ‘ಟೈಪಿಂಗ್ ಮತ್ತು’ ಎಂದು ಬರೆದು, ಮುಂದೇನು ಎಂದು ಕೆಳಗೆ ನೋಡಿದ. ಮುಂದೇನೆಂಬುದು ಶನಿವಾರ ಗೊತ್ತಾಗುತ್ತದೆ, ಇಳಿ ಎಂದೆ. ನಾಲ್ಕು ವರ್ಷದಿಂದ ಫಲಕ ಹಾಗೆಯೇ ಇದೆ. ಬೀದಿಯ ಜನ ನನ್ನನ್ನು ‘ಮತ್ತು ಮೇಷ್ಟ್ರು’ ಎಂದು ಕರೆಯತೊಡಗಿದ್ದಾರೆ, ಮೊನ್ನೆ ದಂತವೈದ್ಯರ ಚೀಟಿಯಲ್ಲೂ ಅದೇ ಹೆಸರು ಬಂತು. ಇದಕ್ಕೂ ತಮಗೆ ನನ್ನ ಕೃತಜ್ಞತೆಗಳು.

ಮಾನ್ಯರೇ, ನಾನು ಸಂಶಯದ ಪ್ರಾಣಿಯಲ್ಲ. ಆದರೆ ಎರಡು ವರ್ಷದ ಹಿಂದೆ ಒಂದು ಸಂಗತಿ ಗಮನಕ್ಕೆ ಬಂತು. ಅಕ್ಕ ಮೊದಲ ಸುತ್ತಿನಲ್ಲಿ ನನ್ನ ಕೆಂಪು ಜಟ್ಟಿಗೆ ಮಣ್ಣು ಮುಕ್ಕಿಸಿದ ದಿನ, ಎರಡನೆಯ ಸುತ್ತಿನಲ್ಲಿ ಅವಳ ನೀಲಿ ಜಟ್ಟಿ ಬಸ್ಸಿಗೆ ಕಾಯುವವನ ಹಾಗೆ ಸುಮ್ಮನೆ ನಿಂತು ಹೊಡೆತ ತಿನ್ನುತ್ತಿದ್ದ. ಮೊದಲು ನಾನು ಕೀಲಿಮಣೆಯನ್ನೇ ದೂರಿದೆ. ಒಂದೇ ಸಲಕ್ಕೆ ನಾಲ್ಕು ಕೀಲಿ ಒತ್ತಿದರೆ ನಮ್ಮ ಕಂಪ್ಯೂಟರು ಕಕ್ಕಾಬಿಕ್ಕಿಯಾಗಿ ಕುಂಯ್ ಎಂದು ಕೂಗಿ ಯಾರ ಮಾತನ್ನೂ ಕೇಳುವುದಿಲ್ಲ. ಹಾಗೆ ಏನಾದರೂ ಆಗಿ ಪಾಪ ಅಕ್ಕನ ಪೆಟ್ಟುಗಳು ಒಳಗೇ ಹೋಗುತ್ತಿಲ್ಲವೇನೋ ಎಂದುಕೊಂಡು, ಕೀಲಿಗಳನ್ನೆಲ್ಲ ಬಿಚ್ಚಿ, ಟೈಪ್‌ರೈಟರಿನ ಬ್ರಷ್ಷಿನಲ್ಲಿ ತಿಕ್ಕಿ, ಮತ್ತೆ ಜೋಡಿಸಿದೆ. ಮುಂದಿನ ಶನಿವಾರವೂ ಅದೇ ಕಥೆ. ಆಗ ರಿಬ್ಬನ್ನಿನ ಡಬ್ಬಿ ಬಿತ್ತೆಂಬ ನೆಪ ಮಾಡಿ ಬಗ್ಗಿ ಮುಸುಕಿನ ಅಡಿಯಿಂದ ಇಣುಕಿದೆ. ಅಕ್ಕನ ಎರಡೂ ಕೈ ಮಡಿಲಲ್ಲಿದ್ದವು. ಹೆಬ್ಬೆರಳಿನ ಉಗುರಿಗೆ ಹತ್ತಿದ ಮಸಿಯನ್ನು ಅವಳು ನಿಧಾನವಾಗಿ ಕೆರೆದುಕೊಳ್ಳುತ್ತಿದ್ದಳು, ಮುಖ ಮಾತ್ರ ಪರದೆಯ ಕಡೆಗೆ, ಹುಬ್ಬು ಗಂಟಿಕ್ಕಿ, ಮೈಮೇಲೆ ದೇವರು ಬಂದಷ್ಟು ಆವೇಶದಲ್ಲಿತ್ತು.

ನಾನು ಡಬ್ಬಿ ಎತ್ತಿಕೊಂಡು ಎದ್ದು ಕೂತು, ಏನೂ ನೋಡದವನಂತೆ ನೀಲಿ ಜಟ್ಟಿಯನ್ನು ಹೊಡೆದು ಕೆಡವಿದೆ. ಅಕ್ಕ “ಅಯ್ಯೋ, ಕೈಗೆ ಬಂದದ್ದು ಬಾಯಿಗೆ ಬರಲಿಲ್ವಲ್ಲೋ” ಎಂದು ಕೊರಗಿದಳು. ನಾನೂ ಸಮಾಧಾನ ಹೇಳಿದೆ. ನನಗೇಕೆ ಕೋಪ ಬರಲಿಲ್ಲವೆಂದು ತಾವು ಕೇಳಬಹುದು. ನಾನು ಮೊದಲ ಸುತ್ತು ಗೆದ್ದ ಶನಿವಾರಗಳಲ್ಲಿ ಎರಡನೆಯ ಸುತ್ತು ಅಕ್ಕನ ಪಾಲಿಗೆ ಹೋಗುತ್ತಿದ್ದುದು ಹೇಗೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ನನ್ನ ಮಡಿಲೂ ಖಾಲಿಯಿರುತ್ತಿರಲಿಲ್ಲ.

ಹೀಗೆ ಸಕಲವೂ ಸುಗಮವಾಗಿ, ಏನೂ ತೀರ್ಮಾನವಾಗದೆ, ಟೈಪ್‌ರೈಟರುಗಳು ಅಲ್ಲಿಯೂ ನಾನು ಇಲ್ಲಿಯೂ ಅಕ್ಕ ಎಲ್ಲೆಡೆಯೂ ಇದ್ದುಕೊಂಡು ಶಾಲೆ ನಡೆಯುತ್ತಿತ್ತು. ತಾವು ಉತ್ತರ ಕೊಡುವವರಲ್ಲ ಎಂಬ ಧೈರ್ಯದ ಮೇಲೆ ನಾನು ಮೂರು ತಿಂಗಳಿಗೊಮ್ಮೆ ಕಟುವಾದ ಜ್ಞಾಪನಾಪತ್ರ ಬರೆಯುತ್ತಿದ್ದೆ. ಅಕ್ಕ ಅದನ್ನು ಓದಿ, ಇನ್ನೂ ಖಾರವಾಗಿ ಬರೆ ಎನ್ನುತ್ತಿದ್ದಳು. ನಿಜ ಹೇಳುತ್ತೇನೆ, ತಮ್ಮಷ್ಟು ನೆಚ್ಚಬಹುದಾದ ನಿರ್ಲಕ್ಷ್ಯವನ್ನು ನಾನು ಯಾವ ಕಚೇರಿಯಲ್ಲೂ ಕಂಡವನಲ್ಲ. ಅಂಥ ತಾವು ಕಳೆದ ವಾರ, ಯಾರ ಮಾತು ಕೇಳಿಯೋ ಏನೋ, ಏಕಾಏಕಿ ಪ್ರಾಮಾಣಿಕರಾಗಿಬಿಟ್ಟಿರಿ.

ಶನಿವಾರ ಮಧ್ಯಾಹ್ನ ಅಂಚೆಯಣ್ಣ ಮೆಟ್ಟಿಲು ಹತ್ತಿ ಬಂದು ದಪ್ಪ ಲಕೋಟೆ ಕೊಟ್ಟ. ಹದಿನೇಳು ಪತ್ರಗಳನ್ನು ಹೊತ್ತವನು ಅವನೇ ಆದ್ದರಿಂದ, ನಾನು ಕುಣಿಯುತ್ತೇನೆಂದು ಕಾದು ನಿಂತ. ಒಳಗೆ ಡಿಸ್ಕು, ಒಂದು ಕೈಪಿಡಿ, ತಡವಾದುದಕ್ಕೆ ಕ್ಷಮಿಸಿ ಎಂಬ ಚೀಟಿ. ಮೂರನೆಯ ಸುತ್ತಿನಲ್ಲಿ ಸೋತವರ ತಲೆ ಕಳಚಿ ಪರದೆಯ ಅಂಚಿನವರೆಗೆ ಉರುಳುತ್ತದೆ, ಗೆದ್ದವರು ಅದನ್ನು ಒದೆಯಬಹುದು ಎಂದು ಕೈಪಿಡಿಯಲ್ಲಿತ್ತು. ಅಕ್ಕ ಅದನ್ನು ಗಟ್ಟಿಯಾಗಿ ಓದಿದಳು, ಕೊನೆಕೊನೆಗೆ ಅವಳ ಸ್ವರ ಸಣ್ಣಗಾಯಿತು. ನಾನು ಕಿಟಕಿಯಾಚೆ ನೋಡಿದೆ; ಎದುರಿನ ಗಾಜಿನ ಬಾಗಿಲು ಬಿಸಿಲಿಗೆ ಹೊಳೆಯುತ್ತಿತ್ತು. ನನಗೆ ಭಯವಾಯಿತು, ಮಾನ್ಯರೇ. ಆಟಕ್ಕೆ ಹೆದರುವ ವಯಸ್ಸು ನನ್ನದಲ್ಲ, ಆದರೂ ಹೆದರಿದೆ.

ಸಾಕ್ಷಿ ಇರಲಿ ಎಂದು ಅಂಚೆಯಣ್ಣನನ್ನು ಮತ್ತೆ ಕರೆಸಿ ಕೂರಿಸಿಕೊಂಡು ಸಂಜೆ ಐದೂವರೆಗೆ ಶುರು ಮಾಡಿದೆವು. ಮೊದಲ ಸುತ್ತು ಅಕ್ಕನದು, ಎರಡನೆಯದು ನನ್ನದು. ಆಮೇಲೆ, ಕಪ್ಪಾಗಬೇಕಿದ್ದ ಪರದೆ ನಾಚಿಕೆಯಿಲ್ಲದೆ ಬಣ್ಣಬಣ್ಣವಾಗಿ ಬೆಳಗಿ ಗಂಟೆ ಬಾರಿಸಿತು. ಕೆಂಪು ಜಟ್ಟಿ ನಿಂತ, ನೀಲಿ ಜಟ್ಟಿಯೂ ನಿಂತ. ತೊಂಬತ್ತು ಸೆಕೆಂಡು ಇಬ್ಬರೂ ಮುಖ ಮುಖ ನೋಡಿಕೊಂಡು ನಿಂತೇ ಇದ್ದರು. ‘ಸಮಬಲ. ಮತ್ತೆ ಹೋರಾಡಿ’ ಎಂಬ ಸಂದೇಶ ಬಂತು. ಮತ್ತೆ ತೊಂಬತ್ತು ಸೆಕೆಂಡು, ಮತ್ತೆ ಸಮಬಲ. ನಾವಿಬ್ಬರೂ ಹಲ್ಲು ಕಚ್ಚಿ, ಭುಜ ಕುಣಿಸಿ, ಬಿಡಬೇಡ, ಹೊಡಿ ಎಂದು ಏದುಸಿರು ಬಿಡುತ್ತಿದ್ದೆವು. ಮೂರನೆಯ ಸಲಕ್ಕೆ ಅಂಚೆಯಣ್ಣನಿಗೆ ತಾಳ್ಮೆ ಕೆಟ್ಟು ಮುಸುಕನ್ನು ಎಳೆದೇಬಿಟ್ಟ. ಕೀಲಿಮಣೆಯ ಮೇಲೆ ಒಂದು ಬೆರಳೂ ಇರಲಿಲ್ಲ. ನಾಲ್ಕು ಕೈಗಳೂ ಎರಡು ಮಡಿಲಲ್ಲಿ ಬೆಚ್ಚಗೆ ಕುಳಿತಿದ್ದವು. “ಇದೇನ್ರೀ ಯುದ್ಧ, ಕೈಗಳೇ ಇಲ್ವಲ್ಲ!” ಎಂದು ಅವನು ಚೀಲ ಹೆಗಲಿಗೇರಿಸಿ ಹೊರಟುಹೋದ.

ನಾನು ಕಂಪ್ಯೂಟರನ್ನು ಆರಿಸಿದೆ. ಅಕ್ಕ ಮುಸುಕನ್ನು ಮಡಿಸುತ್ತ, “ನಾನು ಗೆದ್ರೆ ನೀನು ಎದುರುಗಡೆ ಹೋಗ್ತೀಯ. ಗೆದ್ದು ಏನು ಮಾಡಲಿ, ಹನ್ನೆರಡು ಮಿಷನ್ ಜೊತೆ ಮಾತಾಡ್ತಾ ಕೂರಲಾ?” ಎಂದಳು. ಅಕ್ಕ ಇಲ್ಲದ ಶಾಲೆಯಲ್ಲಿ ಹನ್ನೆರಡು ಕಂಪ್ಯೂಟರ್ ಇಟ್ಟುಕೊಂಡು ನಾನು ಮಾಡುವುದಾದರೂ ಏನಿತ್ತು? ಕಿಟಕಿ ಮುಚ್ಚಲು ಎದ್ದೆ. ಸೋಮವಾರ ಬೆಳಿಗ್ಗೆ ಗಾಜಿನ ಬಾಗಿಲಿನವರಿಗೆ ಬರುವುದಿಲ್ಲವೆಂದು ಹೇಳಿ ಬಂದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಯಪೂರ್ವಕ ಬೇಡಿಕೆ. ಈ ಲಕೋಟೆಯಲ್ಲಿ ಲಗತ್ತಿಸಿರುವ ಡಿಸ್ಕನ್ನು ವಾಪಸು ಪಡೆದು, ಮೂರನೆಯ ಸುತ್ತನ್ನು ಎಲ್ಲಿಂದ ತಂದಿರೋ ಅಲ್ಲಿಗೇ ಸೇರಿಸತಕ್ಕದ್ದು. ನಮ್ಮ ನೋಂದಣಿ ತಮಗೆ ತಲುಪಿಯೇ ಇಲ್ಲವೆಂದು, ಇನ್ನು ಮೂವತ್ತು ವರ್ಷ ತಲುಪುವ ಸಂಭವವೂ ಇಲ್ಲವೆಂದು, ಮೊಹರು ಹಾಕಿ ಪ್ರಮಾಣಪತ್ರ ಕೊಡತಕ್ಕದ್ದು. ಹಳೆಯ ಕಪ್ಪು ಪರದೆಯನ್ನು ಸಕಲ ಗೌರವಗಳೊಂದಿಗೆ ಮರಳಿ ಕೆಲಸಕ್ಕೆ ತೆಗೆದುಕೊಳ್ಳತಕ್ಕದ್ದು. ಸಾಧ್ಯವಾದರೆ ಜಟ್ಟಿಗಳಿಬ್ಬರಿಗೂ ಶನಿವಾರದ ಮಟ್ಟಿಗೆ ಕೂರಲು ಎರಡು ಕುರ್ಚಿ ಬರೆದುಕೊಡಿ. ನಮ್ಮ ದೆಸೆಯಿಂದ ಅವರು ನಿಂತು ನಿಂತು ಸುಸ್ತಾಗಿದ್ದಾರೆ. ನನ್ನ ಹಿಂದಿನ ಹದಿನೇಳು ಪತ್ರಗಳಲ್ಲಿದ್ದ ಬೈಗುಳಗಳನ್ನು ಈ ಮೂಲಕ ಹಿಂತೆಗೆದುಕೊಂಡು, ಅವುಗಳನ್ನೆಲ್ಲ ತಮ್ಮ ಇತ್ತೀಚಿನ ಪ್ರಾಮಾಣಿಕತೆಗೆ ಸಮರ್ಪಿಸಿದ್ದೇನೆ. ಕೆಂಪು ಜಟ್ಟಿಯ ಗೌರವದ ದೃಷ್ಟಿಯಿಂದ ಒಂದು ಮಾತು ದಾಖಲಾಗಲಿ: ಆ ಇನ್ನೂರು ಶನಿವಾರಗಳಲ್ಲಿ ಮೊದಲು ಕೈ ತೆಗೆದು ಮಡಿಲಲ್ಲಿಟ್ಟುಕೊಂಡವನು ನಾನು. ಅಕ್ಕ ನನ್ನನ್ನು ನೋಡಿ ಕಲಿತದ್ದು.

ಇನ್ನು ಮುಂದೆ ತಮ್ಮಿಂದ ಯಾವ ಉತ್ತರವೂ ಬಾರದೆಂಬ ಭರವಸೆಯೊಂದಿಗೆ,

ತಮ್ಮ ವಿಶ್ವಾಸಿ,
ಮತ್ತು ಮೇಷ್ಟ್ರು

ತಾ.ಕ.: ಮಾನ್ಯರೇ, ನಾನು ಅವನ ಅಕ್ಕ. ಕಂಪ್ಯೂಟರಿನ ಪ್ರಿಂಟರು ಕೆಟ್ಟಿದ್ದರಿಂದ ನಮ್ಮ ಕಂಪ್ಯೂಟರ್ ಮೇಷ್ಟ್ರು ಈ ಪತ್ರವನ್ನು ಗುಜರಿಗೆ ಹೋಗಬೇಕಿದ್ದ ಏಳನೆಯ ಯಂತ್ರದಲ್ಲಿ, ಕೀಲಿಗಳನ್ನು ನೋಡಿಕೊಂಡು ಟೈಪು ಮಾಡಿದ್ದಾನೆ. ತಪ್ಪುಗಳನ್ನು ನಾನು ತಿದ್ದಿದ್ದೇನೆ. ಒಂದು ತಪ್ಪು ಮಾತ್ರ ಬಿಳಿ ಬಣ್ಣ ಹಚ್ಚಿದರೆ ಹೋಗುವಂಥದ್ದಲ್ಲ. ಮೊದಲು ಕೈ ತೆಗೆದವಳು ನಾನು, ಎರಡನೆಯ ಶನಿವಾರವೇ; ಆಗ ಇವನು ಮೈಮರೆತು ಹೊಡೆಯುತ್ತಿದ್ದ. ಇವನು ಒಪ್ಪುತ್ತಿಲ್ಲ. ಈ ವಿಷಯ ಇತ್ಯರ್ಥವಾಗಲೇಬೇಕಾದ್ದರಿಂದ ಲಕೋಟೆಯೊಳಗಿದ್ದ ಡಿಸ್ಕನ್ನು ನಾನು ಹೊರಗೆ ತೆಗೆದಿಟ್ಟುಕೊಂಡಿದ್ದೇನೆ. ಈ ಶನಿವಾರ ಮುಸುಕು ಇರುವುದಿಲ್ಲ, ಮತ್ತು ಉರುಳುವುದು ಯಾರ ತಲೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ.