ಹಾಸ್ಟೆಲಿನ ಗದ್ದಲ ವಿಚಾರಣೆ

ಕಾಲೇಜಿನಲ್ಲಿ ಯಾರೂ ಮೈಮೇಲೆ ಹಾಕಿಕೊಳ್ಳದ ಕೆಲಸ ಸುತ್ತಿ ಬಳಸಿ ನನ್ನ ಹತ್ತಿರವೇ ಬರುತ್ತದೆ, ಬಂದಾಗಲೆಲ್ಲ ಇಂಥದ್ದೇನಾದರೂ ಆಗಿಯೇ ತೀರುತ್ತದೆ. ನಾನು ಧಾರವಾಡದವಳು, ಪುಣೆಯ ಕಾಲೇಜೊಂದರಲ್ಲಿ ಫಿಸಿಕ್ಸ್ ಕಲಿಸುತ್ತೇನೆ. ಈ ಸಲ ಪ್ರಿನ್ಸಿಪಾಲರು ಕರೆದು, ಹುಡುಗಿಯರ ಹಾಸ್ಟೆಲಿನಲ್ಲಿ ಗದ್ದಲ ವಿಪರೀತವಾಗಿದೆ, ಒಬ್ಬೊಬ್ಬರನ್ನೇ ಕೂರಿಸಿ ವಿಚಾರಿಸಿ ಎಂದರು. ನಾನೇ ಏಕೆ ಎಂದೆ. ಶಬ್ದ ಫಿಸಿಕ್ಸಿನಲ್ಲೇ ಬರುತ್ತದಲ್ಲ ಎಂದರು.

ಒಪ್ಪಿಕೊಂಡದ್ದಕ್ಕೆ ಬೇರೆ ಕಾರಣವಿತ್ತು. ಮೊದಲ ವರ್ಷದ ನನ್ನ ಕ್ಲಾಸಿನಲ್ಲಿ ಬಾರಾಮತಿಯ ಹುಡುಗಿಯೊಬ್ಬಳಿದ್ದಾಳೆ. ಗೋಕಾಕ ಕಡೆಯ ಮನೆತನ, ಅಪ್ಪನಿಗೆ ಬಾರಾಮತಿಯ ಹತ್ತಿರ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಬೋರ್ಡಿನ ಮೇಲೆ ನಾನು ತಪ್ಪು ಬರೆದರೆ ನನಗಿಂತ ಮೊದಲು ಅವಳಿಗೆ ಗೊತ್ತಾಗುತ್ತದೆ. ಅಂಥ ಹುಡುಗಿ ಹಾಸ್ಟೆಲಿನಲ್ಲಿ ನಿದ್ದೆಯೇ ಬರುವುದಿಲ್ಲವೆಂದು ಸೊರಗಿ, ಕಾಲೇಜು ಬಿಡುತ್ತೇನೆ ಎಂದಿದ್ದಳು. ಮುಂದಿನ ರವಿವಾರ ಕರೆದೊಯ್ಯಲು ಅಪ್ಪ ಬರುವವರಿದ್ದರು. ಅವಳು ಹೋಗುವುದು ನನಗೆ ಸುತರಾಂ ಬೇಡವಾಗಿತ್ತು. ಗದ್ದಲ ಮಾಡುವವರನ್ನು ಹಿಡಿದು ಬಾಯಿ ಮುಚ್ಚಿಸಿದರೆ ಇವಳು ಉಳಿಯುತ್ತಾಳೆ ಎಂದು ಲೆಕ್ಕ ಹಾಕಿ, ಹಾಸ್ಟೆಲಿನ ಊಟದ ಮನೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತೆ.

ಅಲಾರಂ

ಎಲ್ಲರ ಬೆರಳೂ ಮೊದಲು ತೋರಿಸಿದ್ದು ಕೊನೆಯ ವರ್ಷದ ಹುಡುಗಿಯೊಬ್ಬಳ ಕಡೆಗೆ. ಬೆಳಕು ಹರಿಯುವ ಮೊದಲೇ ಅವಳ ಫೋನು ಅರಚಲು ಶುರುಮಾಡುತ್ತದಂತೆ. ಇಡೀ ಮಹಡಿ ಎದ್ದು ಕೂರುತ್ತದೆ, ಅವಳೊಬ್ಬಳು ಮಗ್ಗುಲು ಬದಲಿಸುವುದಿಲ್ಲ. ನಿನಗೇ ಎಚ್ಚರವಾಗದ ಅಲಾರಂ ಏಕೆ ಇಡುತ್ತೀ ಎಂದು ಗದರಿಸಿದೆ. ಅವಳು ನನ್ನನ್ನು ದಡ್ಡ ವಿದ್ಯಾರ್ಥಿಯನ್ನು ನೋಡುವಂತೆ ನೋಡಿ, ಮರಾಠಿಯಲ್ಲಿ ನಿಧಾನವಾಗಿ ಬಿಡಿಸಿ ಹೇಳಿದಳು.

"ಅಲಾರಂ ನನಗಲ್ಲ ಮೇಡಂ. ಅದು ರೂಮಿನವರನ್ನು ಎಬ್ಬಿಸುತ್ತದೆ, ಅವರು ಸಿಟ್ಟಿನಿಂದ ಬಂದು ನನ್ನನ್ನು ಎಬ್ಬಿಸುತ್ತಾರೆ. ಇಲ್ಲಿಯವರೆಗೆ ಒಂದು ದಿನವೂ ತಪ್ಪಿಲ್ಲ."

ನಿದ್ದೆಯಲ್ಲಿ ಹೋಟೆಲು

ಮುಂದೆ ಬಂದವಳು ಉಡುಪಿ ಕಡೆಯ ಹುಡುಗಿ. ಹಡಪಸರದಲ್ಲಿ ಅಪ್ಪನ ಹೋಟೆಲಿದೆ. ಆ ಟ್ರಾಫಿಕ್ಕಿನಲ್ಲಿ ದಿನಾ ಹೋಗಿಬಂದರೆ ಡಿಗ್ರಿ ಬಸ್ಸಿನಲ್ಲೇ ಮುಗಿಯುತ್ತದೆಂದು ಹಾಸ್ಟೆಲಿಗೆ ಹಾಕಿದ್ದಾರೆ. ಚಿಕ್ಕಂದಿನಿಂದ ಗಲ್ಲಾದ ಪಕ್ಕ ಬೆಳೆದವಳು, ನಿದ್ದೆಯಲ್ಲಿ ಆರ್ಡರು ಕೂಗುತ್ತಾಳೆಂಬುದು ದೂರು. ಎರಡು ಮಸಾಲೆ, ಒಂದು ಸೆಟ್ ದೋಸೆ, ಚಟ್ನಿ ಜಾಸ್ತಿ ಎಂದು ಗಂಟಲು ಬಿಚ್ಚಿ ಕೂಗುತ್ತಾಳಂತೆ. ಪಾಪದ ಹುಡುಗಿ ತಲೆ ತಗ್ಗಿಸಿ, "ನಂಗೆ ಗೊತ್ತೇ ಆಗುದಿಲ್ಲ ಮೇಡಂ" ಎಂದಳು.

ಜೊತೆಗಿರುವ ನಾಗಪುರದ ಹುಡುಗಿಯನ್ನು ಕರೆಸಿ, ಈ ಕೂಗಾಟದಿಂದ ನಿನ್ನ ಓದು ಕೆಡುತ್ತಿದೆಯೇ ಎಂದು ಕೇಳಿದೆ. ಕೂಗು ಅಭ್ಯಾಸವಾಗಿದೆ ಎಂದಳು. ಹಾಗಾದರೆ ತೊಂದರೆಯೇನು?

"ಹಸಿವಾಗುತ್ತದೆ ಮೇಡಂ. ಇವಳು ಕೂಗುತ್ತಾಳೆ, ಏನೂ ಬರುವುದಿಲ್ಲ."

ಢೋಲು

ಮೂರನೆಯವಳು ದೂರು ಕೊಡಲೆಂದೇ ಬಂದಳು. ತನ್ನ ಕಿವಿ ಬಹಳ ಸೂಕ್ಷ್ಮ, ಜೊತೆಯವಳು ಲ್ಯಾಪ್‌ಟಾಪಿನ ಮೇಲೆ ಬೆರಳಾಡಿಸಿದರೂ ತಲೆ ಸಿಡಿಯುತ್ತದೆ, ಪಕ್ಕದ ರೂಮಿನ ಚಪ್ಪಲಿ ಸದ್ದಿಗೆ ಓದಿದ್ದು ಮರೆತುಹೋಗುತ್ತದೆ ಎಂದು ದುಃಖ ತೋಡಿಕೊಂಡಳು. ಅಂತೂ ಮೌನದ ಬೆಲೆ ತಿಳಿದ ಒಂದು ಜೀವ ಸಿಕ್ಕಿತೆಂದು ನನಗೆ ಸಮಾಧಾನವಾಯಿತು. ಆಗ ಅವಳ ಬೆರಳುಗಳಿಗೆಲ್ಲ ಪಟ್ಟಿ ಸುತ್ತಿದ್ದು ಕಾಣಿಸಿತು. ಏನಾಯಿತು ಎಂದೆ. ಗಣಪತಿ ಹತ್ತಿರ ಬಂತಲ್ಲ, ಢೋಲು ಬಾರಿಸುವ ತಂಡದಲ್ಲಿದ್ದೇನೆ, ಸಂಜೆ ಎಲ್ಲರೂ ನದಿ ದಂಡೆಯಲ್ಲಿ ಸೇರಿ ಅಭ್ಯಾಸ ಮಾಡುತ್ತೇವೆ ಎಂದಳು. ಆ ಅಭ್ಯಾಸಕ್ಕೆ ಆಚೆ ದಂಡೆಯ ನಮ್ಮ ಮನೆಯ ಕಿಟಕಿ ನಡುಗುತ್ತದೆ. ಅಷ್ಟು ಸದ್ದು ನಿನ್ನ ಸೂಕ್ಷ್ಮ ಕಿವಿ ಹೇಗೆ ತಡೆಯುತ್ತದೆ ಎಂದು ಕೇಳಿದೆ.

ಅವಳಿಗೆ ನಿಜವಾಗಿ ಬೇಸರವಾಯಿತು. "ಅದು ಸದ್ದಲ್ಲ ಮೇಡಂ, ಢೋಲು."

ರವಿವಾರ

ಇವರ್ಯಾರ ಬಾಯನ್ನೂ ನನ್ನಿಂದ ಮುಚ್ಚಿಸಲಾಗಲಿಲ್ಲ. ಹಾಸ್ಟೆಲು ನೋಡಿಕೊಳ್ಳುವ ಹೆಂಗಸನ್ನು, ಎಲ್ಲರೂ ರೆಕ್ಟರ್ ಬಾಯಿ ಎಂದು ಕರೆಯುವವರನ್ನು, ಕಾಡಿ ಬೇಡಿ, ಅತಿಥಿಗಳಿಗೆಂದು ಇಟ್ಟಿದ್ದ ಮೂಲೆಯ ಕೋಣೆಯನ್ನು ಬಾರಾಮತಿ ಹುಡುಗಿಗೆ ಕೊಡಿಸಿದೆ. ತೋಟದ ಕಡೆಗಿನ ಕೋಣೆ, ಎಲೆ ಬಿದ್ದರೂ ಕೇಳಿಸುತ್ತದೆ. ಅಲ್ಲಿಗೆ ಹೋದ ಮೇಲೆ ಅವಳ ಕಣ್ಣುಗಳು ಇನ್ನಷ್ಟು ಗುಳಿಬಿದ್ದವು.

ರವಿವಾರ ಅಪ್ಪ ಬಂದರು. ಹುಡುಗಿ ಬ್ಯಾಗು ಕಟ್ಟಿಕೊಂಡು ನಿಂತಿದ್ದಳು. ನನಗೆ ಅಳು ಬರುವುದೊಂದು ಬಾಕಿ. ಎಲ್ಲಕ್ಕಿಂತ ಶಾಂತವಾದ ಕೋಣೆ ಕೊಟ್ಟರೂ ಉಳಿಸಿಕೊಳ್ಳಲು ಆಗಲಿಲ್ಲವೆಂದು ಅವರೆದುರು ಅಲವತ್ತುಕೊಂಡೆ. ಅವರು ಹಣೆ ಹಣೆ ಬಡಿದುಕೊಂಡು ನಕ್ಕರು.

"ಶಾಂತ ಕ್ವಾಣಿ ಕೊಟ್ರಿ? ಅಲ್ಲೇ ಕೆಟ್ಟತು ನೋಡ್ರಿ. ನಮ್ಮ ಕ್ವಾರ್ಟರ್ಸು ಕಾರ್ಖಾನಿ ಗ್ವಾಡಿಗೇ ಹತ್ಯಾವ. ಸೀಝನ್ ಇದ್ರ ಗಿರಣಿ ಸಪ್ಪಳ, ಮುಗದ್ರ ರಿಪೇರಿ ಸಪ್ಪಳ. ಇಕಿ ಹುಟ್ಟಿದಾಗಿಂದ ಅದೇ ಜೋಗುಳ."

ನಾನು ಹುಡುಗಿಯ ಕಡೆ ತಿರುಗಿದೆ. ಉಳಿದ ಹುಡುಗಿಯರ ಗದ್ದಲ ಬರುತ್ತದೆ, ನಿಲ್ಲುತ್ತದೆ, ನಿಂತ ಕೂಡಲೇ ತನಗೆ ಎಚ್ಚರವಾಗುತ್ತದೆ ಎಂದು ಒಪ್ಪಿಕೊಂಡಳು. ಮೂಲೆಯ ಕೋಣೆಯಲ್ಲಂತೂ ಎದೆ ಹೊಡೆದುಕೊಳ್ಳುತ್ತಿತ್ತಂತೆ.

"ಮೊದಲ ಯಾಕ ಹೇಳಲಿಲ್ಲವಾ?" ಎಂದೆ.

"ಎಲ್ಲಾರೂ ಗದ್ಲ ಭಾಳ ಅಂತ ಅಳಾಕ ಹತ್ಯಾರ್ರಿ ಮೇಡಂ. ನಾ ಒಬ್ಬಾಕಿ ಗದ್ಲ ಸಾಲವಲ್ದು ಅಂದ್ರ ಹುಚ್ಚಿ ಅನ್ನಂಗಿಲ್ಲೇನ್ರಿ?"

ಹಾಸ್ಟೆಲಿನ ನೆಲಮಹಡಿಯಲ್ಲಿ ನೀರಿನ ಪಂಪಿಗೆ ಹೊಂದಿಕೊಂಡ ಕೋಣೆಯೊಂದಿದೆ. ಪಂಪು ರಾತ್ರಿಯಿಡೀ ಓಡುತ್ತದೆ, ಹಾಗಾಗಿ ಅಲ್ಲಿ ಯಾರೂ ಇರುವುದಿಲ್ಲ, ಮುರಿದ ಮಂಚಗಳನ್ನು ತುಂಬಿದ್ದಾರೆ. ಅಪ್ಪ ಮಗಳಿಬ್ಬರನ್ನೂ ಅಲ್ಲಿಗೆ ಕರೆದೊಯ್ದು ರೆಕ್ಟರ್ ಬಾಯಿಯವರಿಂದ ಪಂಪು ಹಾಕಿಸಿದೆ. ಗೋಡೆ ಗುಡುಗುಟ್ಟಿತು. ಅಪ್ಪ ಕಣ್ಣು ಮುಚ್ಚಿ, ಸಂಗೀತ ಕಛೇರಿಯಲ್ಲಿ ಕೂತವರಂತೆ ಕೇಳಿ, ಗಿರಣಿಯಷ್ಟು ಗಟ್ಟಿ ಇಲ್ಲ, ಆದರೂ ನಡೆಯುತ್ತದೆ ಎಂದು ತೀರ್ಪು ಕೊಟ್ಟರು. ಅಲ್ಲಿಗೇ ತರಿಸಿಕೊಟ್ಟ ಚಹಾ ಅವರು ಮುಗಿಸುವಷ್ಟರಲ್ಲಿ ಮಗಳು ಬರಿಯ ಮಂಚದ ಮೇಲೆ ಬ್ಯಾಗಿಗೆ ತಲೆ ಕೊಟ್ಟು ಗೊರಕೆ ಹೊಡೆಯುತ್ತಿದ್ದಳು. ಅವರು ಅವಳನ್ನು ಎಬ್ಬಿಸದೆ ಒಬ್ಬರೇ ಬಸ್ಸು ಹತ್ತಿದರು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಈಗ ಅವಳು ಮೈಕೈ ತುಂಬಿಕೊಂಡಿದ್ದಾಳೆ, ಕ್ಲಾಸಿನಲ್ಲಿ ಮತ್ತೆ ನನ್ನ ತಪ್ಪು ಹಿಡಿಯುತ್ತಾಳೆ. ಮೊನ್ನೆ ಮಾತ್ರ ಮುಖ ಸಪ್ಪಗೆ ಮಾಡಿಕೊಂಡು ಸ್ಟಾಫ್ ರೂಮಿಗೆ ಬಂದಳು. ಮತ್ತೇನು ಗ್ರಹಚಾರವೋ ಎಂದು ನಾನು ಗಾಬರಿಯಾಗಿ ಎದ್ದೆ.

"ಮೇಡಂ, ಪಂಪಿಗೆ ಯಾರೋ ಎಣ್ಣಿ ಬಿಟ್ಟಾರ್ರಿ. ಸಪ್ಪಳ ಅರ್ಧಕ್ಕರ್ಧ ಇಳದದ. ಹಿಂಗಾದ್ರ ಹಾಸ್ಟೆಲಿನ್ಯಾಗ ಮನಷ್ಯಾರು ಮಲಗೂದು ಹ್ಯಾಂಗ್ರಿ?"