ಪರದೇಶಕ್ಕೆ ನಮ್ಮ ಕಾಕಾನ ದಲಾಲಿ

ನಮ್ಮ ಕಾಕಾ ಇಲ್ಲದೆ ಹೋಗಿದ್ದರೆ ಭೂಪಟದಲ್ಲಿ ಇಷ್ಟು ಹೊತ್ತಿಗೆ ಒಂದು ದೇಶ ಕಡಿಮೆಯಾಗಿರುತ್ತಿತ್ತು! ಇದು ನನ್ನ ಮಾತಲ್ಲ, ಸ್ವತಃ ಕಾಕಾನದೇ. ಆ ದೇಶ ಯಾವುದು ಎಂದು ಮಾತ್ರ ದಯವಿಟ್ಟು ಕೇಳಬೇಡಿ. ಹಿಂದಿನ ಕಾಲದ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲವಲ್ಲ, ಹಾಗೆ ನಾನೂ ಆ ದೇಶದ ಹೆಸರನ್ನು ಬಾಯಿಗೆ ತರುವುದಿಲ್ಲ. ಅವರಿಗೆ ನಾಚಿಕೆ, ನನಗೆ ಹೆದರಿಕೆ. ಅದರ ಹೆಸರೆತ್ತಿದರೆ ನಮ್ಮ ಓಣಿಯಲ್ಲಿ ಈ ಕಡೆಯ ನಾಲ್ಕು ಮನೆ ಕೈ ತಟ್ಟುತ್ತವೆ, ಆ ಕಡೆಯ ನಾಲ್ಕು ಮನೆ ಬಾಗಿಲು ಹಾಕಿಕೊಳ್ಳುತ್ತವೆ. ರಾಯಚೂರಿನ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವ ನಾನು, ತರಗತಿಯಲ್ಲಿ ಗ್ಲೋಬು ತಿರುಗಿಸುವಾಗ ಆ ಜಾಗ ಬಂದರೆ ಹೆಬ್ಬೆರಳು ಅಡ್ಡ ಇಡುತ್ತೇನೆ. ಚಿಕ್ಕ ದೇಶ, ಹೆಬ್ಬೆರಳಿಗೆ ಸಾಕಾಗುತ್ತದೆ.

ಕಾಕಾ ನಮ್ಮ ಅಪ್ಪನ ತಮ್ಮ. ಲಗ್ನವಾಗಲಿಲ್ಲ, ನಮ್ಮ ಮನೆಯಲ್ಲೇ ಉಳಿದರು. ಕಸುಬು ಎತ್ತಿನ ದಲಾಲಿ. ದೇವದುರ್ಗ, ಮಾನವಿಯ ದನದ ಸಂತೆಗಳಲ್ಲಿ ಅವರ ಆಯುಷ್ಯ ಕಳೆದಿದೆ. ಎತ್ತಿನ ವ್ಯಾಪಾರ ನೋಡಿದ್ದೀರಾ? ಅಲ್ಲಿ ದರವನ್ನು ಯಾರೂ ಬಾಯಿಂದ ಹೇಳುವುದಿಲ್ಲ. ಮಾರುವವನ ಕಡೆಯ ದಲಾಲಿ ಕೊಳ್ಳುವವನ ಕಡೆಯ ದಲಾಲಿಗೆ ಕೈ ಚಾಚುತ್ತಾನೆ, ಮೇಲೊಂದು ಟವೆಲು ಬೀಳುತ್ತದೆ, ಅದರ ಕೆಳಗೆ ಬೆರಳು ಹಿಡಿದು, ಒತ್ತಿ, ಮಡಚಿ ಮಾತು ನಡೆಯುತ್ತದೆ. ಸುತ್ತ ನಿಂತವರಿಗೆ ಕಾಣುವುದು ಟವೆಲೊಂದೇ. ದರ ಒಪ್ಪದಿದ್ದರೆ ಕೈ ಬಿಡಬೇಕು. ಟವೆಲಿನ ಕೆಳಗಿನ ಮಾತನ್ನು ಯಾರಿಗೂ ಹೇಳಬಾರದು, ಕಟ್ಟಿಕೊಂಡ ಹೆಂಡತಿಗೂ. ಕಾಕಾನಿಗೆ ಆ ತೊಂದರೆಯೇ ಇರಲಿಲ್ಲ.

ಆ ಕಡೆಯ ದಲಾಲಿ ಯಾವಾಗಲೂ ಮಾನವಿಯ ಭಾಯಿ. ಮನೆಯಲ್ಲಿ ದಖ್ಖನಿ, ಸಂತೆಯಲ್ಲಿ ನಮಗಿಂತ ಚೆಂದ ಕನ್ನಡ. ಇಬ್ಬರದೂ ಹರೆಯದಿಂದ ಬಂದ ದೋಸ್ತಿ. ನಮ್ಮ ಮನೆಯ ಶ್ರಾವಣ ಸೋಮವಾರದ ಹೋಳಿಗೆ ಅವರ ಮನೆಗೆ ಹೋಗದಿದ್ದರೆ ಕಾಕಾ ಉಣ್ಣುತ್ತಿರಲಿಲ್ಲ. ಭಾಯಿಯ ಮಗಳ ಮದುವೆಯಲ್ಲಂತೂ ನಮ್ಮ ಕಾಕಾನೇ ಬಾಗಿಲಲ್ಲಿ ನಿಂತು ಬೀಗರಿಗೆ ಅತ್ತರು ಹಚ್ಚಿದ್ದು.

ಇಂಥ ಕಾಕಾನಿಗೆ ಪರದೇಶದ ಹುಚ್ಚು ಹಿಡಿಸಿದ್ದು ಮೊಬೈಲು. ಟ್ರ್ಯಾಕ್ಟರು ಬಂದು ಎತ್ತಿನ ವ್ಯಾಪಾರ ಇಳಿದ ಮೇಲೆ ಕಾಕಾನಿಗೆ ಮನೆಯಲ್ಲಿ ಕೂತು ಕೂತು ಬೇಸರ. ಒಂದು ದಿನ ಯಾರದೋ ಭಾಷಣ ಕೇಳಿದರು. ಆ ದೇಶ ಇರುವುದೇ ತಪ್ಪೆಂದು ಕೆಲವರು ಅನ್ನುತ್ತಾರಂತೆ. ಹಾಗೆ ಅನ್ನದಂತೆ ನೋಡಿಕೊಳ್ಳಲು ದೊಡ್ಡ ದೊಡ್ಡ ಊರುಗಳಲ್ಲಿ ಕೋಟು ತೊಟ್ಟ ಮಂದಿ ಇದ್ದಾರಂತೆ. ಸಂಸದರನ್ನು ಊಟಕ್ಕೆ ಕರೆಯುವುದು, ಠರಾವು ಮಾಡಿಸುವುದು, ಪತ್ರಿಕೆಯವರನ್ನು 'ಈ ಪದ ಬೇಡ, ಆ ಪದ ಬರೆಯಿರಿ' ಎಂದು ತಿದ್ದುವುದು ಅವರ ಕೆಲಸ. ಅದಕ್ಕೆ ಲಾಬಿ ಎನ್ನುತ್ತಾರೆ ಎಂದು ನಾನು ಹೇಳಿದೆ. ಕಾಕಾ "ಅಂದ್ರ ದಲಾಲಿ ಅನ್ನು" ಎಂದರು.

ಮುಗಿಯಿತು! ತಮ್ಮ ಕಸುಬನ್ನು ಕೋಟು ತೊಟ್ಟವರೂ ಮಾಡುತ್ತಾರೆಂದು ತಿಳಿದ ಮೇಲೆ ಕಾಕಾ ಸುಮ್ಮನಿರುತ್ತಾರೆಯೇ? ಆ ದೇಶಕ್ಕೂ ಇವರಿಗೂ ಇದ್ದ ಸಂಬಂಧ ಇಷ್ಟೇ. ಗುಂಜಹಳ್ಳಿಯ ಒಂದು ಹೊಲದಲ್ಲಿ ಹನಿ ಹನಿಯಾಗಿ ನೀರು ಬಿಡುವ ಪೈಪು ನೋಡಿ ಬೆರಗಾಗಿದ್ದರು, ಅದು ಆ ದೇಶದ ಬುದ್ಧಿ ಎಂದು ಹೊಲದವನು ಹೇಳಿದ್ದ. ದಲಾಲಿಗೆ ಅಷ್ಟು ಗುರುತು ಸಾಕು.

ಮೊದಲು ಊಟ. ಒಬ್ಬ ಪಂಚಾಯ್ತಿ ಸದಸ್ಯರನ್ನು ಮನೆಗೆ ಕರೆದು ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಅವರು ಮೂರನೆಯ ರೊಟ್ಟಿ ಮುರಿಯುವಾಗ, ಆ ದೇಶಕ್ಕೆ ಇರುವ ಹಕ್ಕು ಇದೆ ಎಂದು ನಿಮ್ಮ ಪಂಚಾಯ್ತಿಯಲ್ಲಿ ಒಂದು ಠರಾವು ಮಾಡಿಸಬೇಕು ಎಂದರು. ಸದಸ್ಯರಿಗೆ ನೆತ್ತಿಗೆ ಹತ್ತಿತು. ನಾನು ನೀರು ಕೊಟ್ಟೆ. ಅದು ನಮ್ಮ ಪಂಚಾಯ್ತಿ ವ್ಯಾಪ್ತಿಗೆ ಬರುತ್ತದೆಯೇ ಎಂದು ಅವರು ವಿನಯದಿಂದ ಕೇಳಿದರು. ನ್ಯಾಯ ಎಲ್ಲ ವ್ಯಾಪ್ತಿಗೂ ಬರುತ್ತದೆ ಎಂದರು ಕಾಕಾ. ಆಗ ಸದಸ್ಯರು ಬೆರಳು ನೆಕ್ಕಿಕೊಂಡು, "ಆತ್ರೀ ಯಪ್ಪಾ, ಪಹಣಿ ಯಾರ ಹೆಸರಿಲೆ ಅದ? ಸಾಗುವಳಿ ಯಾರು ಮಾಡಾಕತ್ತಾರ? ಎರಡೂ ಒಂದ ಹೆಸರಿಲೆ ಇದ್ರ ಈಗ ಠರಾವು ಮಾಡ್ತೀನಿ" ಎಂದರು. ಲೋಕದ ದೊಡ್ಡ ದೊಡ್ಡ ಸಭೆಗಳು ತಡವರಿಸುವುದೂ ಇದೇ ಜಾಗದಲ್ಲಲ್ಲವೇ! ಕಾಕಾ ಸದಸ್ಯರ ತಾಟಿಗೆ ಮತ್ತಷ್ಟು ಪಲ್ಯ ಬಡಿಸಿದರು.

ಆಮೇಲೆ ಪದಗಳ ರಿಪೇರಿ. ಗಂಜ್ ಮಾರುಕಟ್ಟೆಯ ಹತ್ತಿರದ ಚಹಾದ ಹೊಟೇಲಿನಲ್ಲಿ ಟಿವಿಯ ಕೆಳಗೆ ಕಾಕಾನ ಜಾಗ ಖಾಯಂ. ಯಾರು ಏನೇ ಅಂದರೂ ತಿದ್ದುವುದು. 'ಆಕ್ರಮಣ' ಅಂದರೆ 'ಕಾಯೋದು' ಅನ್ನಬೇಕು, 'ಗೋಡಿ' ಅಂದರೆ 'ಬೇಲಿ' ಅನ್ನಬೇಕು. ಹೊಟೇಲಿನವನು ಭಜಿ ಹಳಸಿದೆ ಎಂದು ಬೈಸಿಕೊಂಡಾಗ, ಹಳಸಿಲ್ಲ, ನಿನ್ನೆಯದು ಅನ್ನಿ ಎಂದು ಹೇಳುವುದನ್ನು ಕಾಕಾನಿಂದಲೇ ಕಲಿತ. ಎಲ್ಲರೂ ನಗುತ್ತಿದ್ದರು. ನಾನೊಬ್ಬಳೇ ಮನೆಯಲ್ಲಿ ಕೂತು, ಇದು ಎಲ್ಲಿಗೆ ಹೋಗಿ ಮುಟ್ಟುತ್ತದೋ ಎಂದು ಹೆದರುತ್ತಿದ್ದೆ. ಹೆದರುವುದರಲ್ಲಿ ನನ್ನ ಲೆಕ್ಕ ತಪ್ಪಿದ್ದಿಲ್ಲ.

ಅವತ್ತು ಭಾಯಿ ರಾಯಚೂರಿಗೆ ಬಂದಿದ್ದರು. ಇಬ್ಬರೂ ಹೊಟೇಲಿನಲ್ಲಿ ಒಂದೇ ಚಹಾವನ್ನು ಎರಡು ಬಸಿಗೆ ಸುರಿದುಕೊಂಡು ಕುಡಿಯುತ್ತಿದ್ದರು. ನಾನು ಕಾಕಾನನ್ನು ಊಟಕ್ಕೆ ಕರೆಯಲು ಹೋಗಿ ಬಾಗಿಲಲ್ಲೇ ನಿಂತಿದ್ದೆ. ಟಿವಿಯಲ್ಲಿ ಆ ದೇಶ ಹಾಕಿದ ಬಾಂಬಿಗೆ ಬಿದ್ದ ಮನೆಗಳು. ಕಲ್ಲುಮಣ್ಣಿನಲ್ಲಿ ಒಬ್ಬ ತಾಯಿ ಏನನ್ನೋ ಕೆದಕುತ್ತಿದ್ದಳು, ಕೈಗೆ ಒಂದು ಪುಟ್ಟ ಚಪ್ಪಲಿ ಸಿಕ್ಕಿತು.

"ಕೂಸುಗಳನ್ನ ಕೊಂದ್ರು ನೋಡು ದೋಸ್ತ್" ಎಂದರು ಭಾಯಿ.

ಕಾಕಾನ ನಾಲಿಗೆಗೆ ರೂಢಿಯಾಗಿಬಿಟ್ಟಿತ್ತು. "'ಕೊಂದ್ರು' ಅನಬ್ಯಾಡ ಭಾಯಿ. 'ಸತ್ರು' ಅನ್ನು."

ಭಾಯಿ ಬಸಿಯನ್ನು ಕೆಳಗಿಟ್ಟರು. "ಎತ್ತು ಸತ್ತರ ಸುದ್ದಾ ಯಾಕ ಸತ್ತತು ಅಂತ ಕೇಳತಿದ್ದಿ ನೀನು" ಎಂದಷ್ಟೇ ಹೇಳಿ ಎದ್ದು ಹೋದರು. ಅವರ ಬಸಿಯ ಚಹಾ ಹಾಗೇ ಉಳಿಯಿತು.

ಅಲ್ಲಿಗೆ ನಿಂತಿದ್ದರೂ ಚಿಂತೆಯಿರಲಿಲ್ಲ. ಯಾರೋ ಪುಣ್ಯಾತ್ಮ ಕಾಕಾನ ಮಾತನ್ನು ಮೊಬೈಲಿನಲ್ಲಿ ಹಿಡಿದಿದ್ದ. ಶಕ್ತಿನಗರದಿಂದ ದೇವದುರ್ಗದವರೆಗೆ ಅದು ಓಡಾಡಿತು. ಭಾಯಿಯ ಉತ್ತರ ಕತ್ತರಿಸಿ ಹೋಗಿತ್ತು, ಕಾಕಾನ ಮಾತು ಮಾತ್ರ ಉಳಿದಿತ್ತು. ಗುರುತಿಲ್ಲದ ನಂಬರಿನಿಂದ ಬೈಗುಳ ಬಂದವು. ಠಾಣೆಯಿಂದ ಫೋನು ಬಂತು, ಸುಮ್ಮನೆ ಒಮ್ಮೆ ಬಂದು ಹೋಗಿ ಎಂದು. ಸುಮ್ಮನೆ ಠಾಣೆಗೆ ಯಾರಾದರೂ ಹೋಗುತ್ತಾರೆಯೇ? ಹೋಗಿ ಬಂದ ಕಾಕಾನಿಗೆ ಏನೂ ಆಗಿರಲಿಲ್ಲ, ನನಗೇ ಜ್ವರ ಬಂದಿತ್ತು.

ಬೈದವರಿಗಿಂತ ನನಗೆ ಹೆಚ್ಚು ಹೆದರಿಕೆಯಾದದ್ದು ಹೊಗಳಲು ಬಂದವರನ್ನು ಕಂಡು. ಗುರುತಿಲ್ಲದ ಹುಡುಗರು, ಕೈಯಲ್ಲಿ ಶಾಲು, ಹಾರ. ಸಂತೆಯ ದಿನ ದೇವದುರ್ಗದಲ್ಲಿ ಕಾರ್ಯಕ್ರಮ ಇಟ್ಟಿದ್ದೇವೆ, ಹಿರಿಯರು ಬಂದು ಮಾತಾಡಬೇಕು ಎಂದರು. ಕಾಕಾ ಹಿಗ್ಗಿ, ಆ ದೇಶದ ಪೈಪಿನ ವಿಷಯ ಶುರು ಮಾಡಿದರು. ಅವರಿಗೆ ಪೈಪು ಬೇಕಿರಲಿಲ್ಲ. "ಅದೆಲ್ಲ ಇರಲಿ ಬಿಡ್ರಿ. ನೀವು ಅವರಿಗೆ ಮುಖಕ್ಕ ಹೊಡದಂಗ ಹೇಳಿದ್ರಲ್ಲ, ಅದನ್ನ ಹೇಳ್ರಿ" ಎಂದ ಒಬ್ಬ.

"ಅವರಿಗೆ ಅಂದ್ರ ಯಾರಿಗ್ರಿ?" ಎಂದು ಕಾಕಾ ಕೇಳಿದರು.

ಹುಡುಗರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಹೊದಿಸಿದ್ದ ಶಾಲನ್ನು ಕಾಕಾ ಮಡಚಿ ವಾಪಸು ಕೊಟ್ಟರು. ಅವರು ಹೋದ ಮೇಲೆ ಅಡುಗೆಮನೆಗೆ ಬಂದು ಮಣೆಯ ಮೇಲೆ ಕುಕ್ಕರಿಸಿ ಕೂತು, "ನಾ ದೇಶಕ್ಕ ದಲಾಲಿ ಮಾಡಾಕ ಹೋಗಿದ್ದೆ ಯವ್ವಾ. ಇವರು ಭಾಯೀನ್ನ ಮಾರಾಕತ್ತಾರ" ಎಂದರು.

ಭಾಯಿ ಫೋನು ಎತ್ತುತ್ತಿರಲಿಲ್ಲ. ಕಾಕಾ ಮಾನವಿಗೆ ಹೋದರೆ ಮನೆಯ ಬಾಗಿಲು ತೆಗೆಯಲಿಲ್ಲ, ಕಿಟಕಿಯ ಪರದೆ ಮಾತ್ರ ಅಲುಗಿತಂತೆ. ಶ್ರಾವಣದ ಹೋಳಿಗೆ ಡಬ್ಬಿಯಲ್ಲೇ ಉಳಿಯಿತು. ಕಾಕಾ ಉಣ್ಣಲಿಲ್ಲ. ಸಂತೆಯ ದಿನ ಬೆಳಿಗ್ಗೆ ಟವೆಲು ಹೆಗಲಿಗೆ ಹಾಕಿಕೊಂಡು ದೇವದುರ್ಗಕ್ಕೆ ಹೊರಟರು. ಬೇಡ ಎಂದೆ, ಅಡ್ಡ ನಿಂತೆ, ಅತ್ತೆ. ಕೊನೆಗೆ ನಾನೂ ಬಸ್ಸು ಹತ್ತಿದೆ. ಮನೆಯಲ್ಲಿ ಕೂತು ಹೆದರುವುದಕ್ಕಿಂತ ಜೊತೆಗಿದ್ದು ಹೆದರುವುದು ವಾಸಿ.

ದನದ ಸಂತೆಯಲ್ಲಿ ಹೆಂಗಸು ಎಂದರೆ ನಾನೊಬ್ಬಳೇ. ಒಂದು ಬದಿಗೆ ಆ ಶಾಲಿನ ಹುಡುಗರ ಶಾಮಿಯಾನದ ಮೈಕು ಒದರುತ್ತಿತ್ತು. ಕಾಕಾ ಅತ್ತ ತಿರುಗಿಯೂ ನೋಡದೆ ಬೇವಿನ ಮರದ ಕಡೆ ನಡೆದರು. ಅಲ್ಲಿ ಭಾಯಿ ಇದ್ದರು, ಮೊದಲಿಗಿಂತ ಬಡವಾಗಿದ್ದರು. ಕಾಕಾನನ್ನು ಕಂಡವರೇ ಎರಡು ಹೆಜ್ಜೆ ಹಿಂದೆ ಸರಿದರು. ಆ ಕಡೆಯ ಹುಡುಗರು, ಈ ಕಡೆಯ ಹುಡುಗರು ಸುತ್ತ ಕೂಡಿದರು, ಮೊಬೈಲುಗಳು ಮೇಲೆದ್ದವು. ಒಬ್ಬನ ಕೈಯಲ್ಲಿ ಬಾರುಕೋಲು ಇತ್ತು. ಅದು ಎತ್ತಿಗಾಗಿ ತಂದದ್ದೋ ಅಲ್ಲವೋ ಎಂದು ನೋಡುತ್ತ ನಾನು ಕಾಕಾನ ಹತ್ತಿರಕ್ಕೆ ಸರಿದೆ.

ಕಾಕಾ ಬಲಗೈ ಚಾಚಿದರು, ಎಡಗೈಯಿಂದ ಹೆಗಲ ಟವೆಲು ಎಳೆದು ಅದರ ಮೇಲೆ ಹಾಕಿದರು. ಭಾಯಿ ಆ ಟವೆಲನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ನಿಧಾನವಾಗಿ ತಮ್ಮ ಕೈಯನ್ನು ಅದರ ಕೆಳಗೆ ತೂರಿಸಿದರು.

"ಎತ್ತು ಯಾವುದ್ರೀ?" ಎಂದು ಯಾರೋ ಕೇಳಿದರು. ಅಲ್ಲಿ ಎತ್ತೇ ಇರಲಿಲ್ಲ.

ಟವೆಲು ಒಂದೇ ಸಮನೆ ಅಲುಗಾಡುತ್ತಿತ್ತು, ಚೌಕಾಸಿ ಜೋರಾಗಿದ್ದಂತೆ. ಮೈಕು ಮುಖ್ಯ ಅತಿಥಿಗಳನ್ನು ಹುಡುಕುತ್ತಲೇ ಇತ್ತು. ಎಷ್ಟು ಹೊತ್ತಾದರೂ ಇಬ್ಬರೂ ಕೈ ಬಿಡಲಿಲ್ಲ. ಬೇಸರವಾಗಿ ಮೊಬೈಲುಗಳು ಒಂದೊಂದಾಗಿ ಕೆಳಗಿಳಿದವು. ಬಾರುಕೋಲಿನವನು ತನ್ನ ಎತ್ತಿನ ಕಡೆ ಹೋದ.

ವಾಪಸು ಬರುವಾಗ ಬಸ್ಸಿನಲ್ಲಿ ಏನು ಮಾತಾಯಿತು ಎಂದು ಕೇಳಿದೆ. ಟವೆಲಿನ ಕೆಳಗಿನದು ಹೇಳಬಾರದು ಎಂದು ಕಾಕಾ ಕಿಟಕಿಯ ಕಡೆ ತಿರುಗಿಕೊಂಡರು. ಬಸ್ಸು ಕಲ್ಮಲ ದಾಟಿದ ಮೇಲೆ ತಾವಾಗಿಯೇ ಬಾಯಿಬಿಟ್ಟರು.

"ಮಾತು ಏನೂ ಆಗಲಿಲ್ಲ. ಕೈ ಭಾಳ ನಡುಗಾಕತ್ತಿತ್ತು. ನಂದ ಅಂದ್ಕೊಂಡು ಗಟ್ಟಿ ಹಿಡದೆ. ನಂದಲ್ಲ, ಭಾಯೀದು."

ಕಾಕಾನ ಹೆಗಲು ಬರಿದಾಗಿರುವುದು ಆಗ ಕಂಡಿತು. ಟವೆಲು ಮರೆತು ಬಂದಿರಲ್ಲ ಎಂದೆ.

"ಮರತಿಲ್ಲ. ಮುಖ ಒರಸ್ಕೊಳ್ಳಾಕ ಕೊಟ್ಟು ಬಂದೀನಿ" ಎಂದರು ಕಾಕಾ. "ನನ್ನ ಕಂಡು ಭಾಳ ಬೆವತಿದ್ದ."